ಬಿರೋಬಾನ ಬಿದಿರಿನ ಬುಡದ ಮಣ್ಣು

ಏಪ್ರಿಲ್ ತಿಂಗಳ ಸೊಲ್ಲಾಪುರದಲ್ಲಿ ಮಳೆಯ ವಾಸನೆ ಬರಬೇಕೆಂದರೆ ಯಾರಾದರೂ ಒಂದು ಗಾಜಿನ ತಟ್ಟೆಯ ಮುಚ್ಚಳ ತೆಗೆಯಬೇಕು. ಮೊನ್ನೆ ಹಾಗೆಯೇ ಆಯಿತು. ನಾನು ಪಾಠ ಹೇಳುವ ಕಾಲೇಜಿನ ಪ್ರಯೋಗಶಾಲೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ವಿದ್ಯಾರ್ಥಿನಿಯೊಬ್ಬಳು ಮಣ್ಣಿನ ಸೂಕ್ಷ್ಮಜೀವಿಗಳನ್ನು ಬೆಳೆಸಿದ ತಟ್ಟೆ ತಂದು ನನ್ನ ಮುಂದೆ ಮುಚ್ಚಳ ಎತ್ತಿದಳು. ಹಿಟ್ಟು ಉದುರಿಸಿದಂತೆ ಬೆಳೆದಿದ್ದ ಬಿಳಿ ಚುಕ್ಕೆಗಳಿಂದ ಮಿರಗದ, ಅಂದರೆ ಮೃಗಶಿರೆಯ, ಮಳೆಯ ಮೊದಲ ಹನಿ ಬಿದ್ದಾಗಿನ ನೆಲದ ವಾಸನೆ ಬಂತು. ಮಳೆ ಬಿದ್ದಾಗ ಘಮ್ಮೆನ್ನುವುದು ಬರೀ ಮಣ್ಣಲ್ಲ, ಮಣ್ಣಿನಲ್ಲಿ ಬದುಕಿರುವ ಇವರು ಎಂದು ನಾನು ಪ್ರತಿವರ್ಷ ಪಾಠ ಹೇಳುತ್ತೇನೆ. ತಟ್ಟೆಯನ್ನು ಮೂಸಬಾರದು ಎಂದೂ ನಾನೇ ಗೋಡೆಗೆ ಬರೆದು ಅಂಟಿಸಿದ್ದೇನೆ. ಅವತ್ತು ಅದೇ ಗೋಡೆಯ ಕೆಳಗೆ ನಿಂತು ಎರಡು ಸಲ ಮೂಸಿದೆ. ಹುಡುಗಿ ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ನನಗೆ ತಡವಳದ ನಾಗವ್ವನೂ ಅವಳ ಜೊತೆ ಕಳೆದ ಒಂದು ಮಳೆಗಾಲವೂ ನೆನಪಾಗಿದ್ದವು.

ಆ ವರ್ಷ ನಾನು ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಅಪ್ಪ ಹೋಟಗಿ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ನಮ್ಮದು ಹಳಿಗಳ ಪಕ್ಕದ ಕ್ವಾರ್ಟರ್ಸು. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿದು ಸೊಲ್ಲಾಪುರಕ್ಕೆ ಹೋಗುತ್ತಿದ್ದೆ. ಏಳನೇ ಇಯತ್ತೆಯವರೆಗೆ ಕನ್ನಡ, ಆಮೇಲೆ ಮರಾಠಿ, ಕಾಲೇಜಿಗೆ ಬಂದಮೇಲೆ ಇಂಗ್ಲಿಷು. ಹೀಗೆ ಮೂರು ಭಾಷೆ ಕಲಿತು ಮೂರರಲ್ಲೂ ತಪ್ಪಿಲ್ಲದೆ ಬರೆಯಲು ಬಾರದವಳು ಎಂದು ಹೆಸರು ಮಾಡಿದ್ದೆ. ಪ್ರಯೋಗದ ಟಿಪ್ಪಣಿಗಳನ್ನು ಮಾತ್ರ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಅದೇನೂ ಭಾಷಾಭಿಮಾನವಲ್ಲ. ನನ್ನ ತಪ್ಪುಗಳನ್ನು ಪ್ರಯೋಗಶಾಲೆಯಲ್ಲಿ ಬೇರೆ ಯಾರೂ ಓದಬಾರದಲ್ಲ, ಅದಕ್ಕೆ.

ನನ್ನ ಮಾರ್ಗದರ್ಶಕಿ ದೇಶಮುಖ ಮ್ಯಾಡಮ್ ಬಹಳ ಓದಿದವರು, ಬಾಯಿ ತುಂಬ ಬೈಯುವವರು. ಅವರು ಕೊಟ್ಟ ವಿಷಯ, ಬಿದಿರಿನ ಬೇರಿನ ಸುತ್ತಲಿನ ಮಣ್ಣಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು. ನಮ್ಮ ಕಡೆಯ ಎರೆಮಣ್ಣಿನಲ್ಲಿ ಸುಣ್ಣ ಬಹಳ. ಗಿಡಕ್ಕೆ ಬೇಕಾದ ರಂಜಕವನ್ನು ಆ ಸುಣ್ಣ ಗಟ್ಟಿಯಾಗಿ ಹಿಡಿದುಕೊಂಡು ಕೂತಿರುತ್ತದೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ಅದನ್ನು ಕರಗಿಸಿ ಬೇರಿನ ಬಾಯಿಗೆ ಇಡುವ ಜೀವಿಗಳಿವೆ. ಬೇರು ಪ್ರತಿಯಾಗಿ ಅವಕ್ಕೆ ತನ್ನ ಸಿಹಿಯನ್ನು ಸ್ವಲ್ಪ ಕೊಡುತ್ತದೆ. ಅಂಥವನ್ನು ಹುಡುಕಿ, ಬೆಳೆಸಿ, ಎಳೆಯ ಸಸಿಗಳಿಗೆ ಹಾಕಿ ನೋಡು ಎಂದರು ಮ್ಯಾಡಮ್. ಎಲ್ಲ ಸರಿ, ಆದರೆ ಸೊಲ್ಲಾಪುರದಲ್ಲಿ ಏಣಿ ಮಾರುವ ಅಂಗಡಿ ಬಿಟ್ಟರೆ ಬಿದಿರು ಎಲ್ಲಿದೆ? ಒಂದು ವಾರ ತಿರುಗಾಡಿದರೂ ಸಿಗಲಿಲ್ಲ. ಕೊನೆಗೆ ಅಪ್ಪನ ಜೊತೆಯ ಒಬ್ಬರು, ತಡವಳದ ಬಿರೋಬಾನ ಗುಡಿಯ ಹಿಂದೆ ಒಂದು ಹಳೆಯ ಮೆಳೆ ಇದೆ, ಯಾವ ಬರಗಾಲದಲ್ಲೂ ಅದು ಒಣಗಿದ್ದನ್ನು ಯಾರೂ ನೋಡಿಲ್ಲ ಎಂದರು.

ಮಿರಗ ಹಿಡಿದ ಮಾರನೆಯ ದಿನ ಹೊರಟೆ. ಅಕ್ಕಲಕೋಟದವರೆಗೆ ಎಸ್‌ಟಿಯಲ್ಲಿ ಸ್ವಾಮಿಗಳ ದರ್ಶನಕ್ಕೆ ಹೊರಟ ಪುಣೆಯವರ ಮಧ್ಯೆ ನಿಂತೇ ಹೋದೆ. ಅಲ್ಲಿ ಬಸ್ ಬದಲಿಸಿ ತಡವಳದ ಸ್ಟ್ಯಾಂಡಿನಲ್ಲಿ ಇಳಿದಾಗ ಕಾಲಿನ ಕೆಳಗೆ ಎರೆಮಣ್ಣು ಚಪ್ಪಲಿ ಬಿಡಲೊಲ್ಲದು. ಪ್ರತಿ ಹೆಜ್ಜೆಗೂ ನಾನು ಒಂದು ಇಂಚು ಎತ್ತರವಾಗುತ್ತ ಗುಡಿ ತಲುಪಿದೆ. ಗುಡಿ ಎಂದರೆ ನಾಲ್ಕು ಕಲ್ಲಿನ ಕಂಬ, ಒಳಗೆ ಭಂಡಾರವೆಂಬ ಅರಿಶಿನ ಪುಡಿಯಲ್ಲಿ ಮುಳುಗಿದ ದೇವರು, ಹಿಂದೆ ಬಿದಿರಿನ ಮೆಳೆ. ಸುತ್ತಲಿನ ಬೇಲಿ, ಜಾಲಿ ಎಲ್ಲ ಬೇಸಿಗೆಯ ಬೂದಿಬಣ್ಣದಲ್ಲೇ ಇದ್ದವು. ಮೆಳೆ ಒಂದು ಮಾತ್ರ ದಟ್ಟ ಹಸಿರಾಗಿತ್ತು.

ಕಸ ಹೊಡೆಯುತ್ತಿದ್ದ ಹೆಂಗಸು ಸೊಂಟಕ್ಕೆ ಕೈಯಿಟ್ಟು ನನ್ನನ್ನು ನೋಡಿದಳು. ಐವತ್ತರ ಮೇಲಿನ ವಯಸ್ಸು, ಗಂಡಾಳಿನ ಎತ್ತರ, ಮೊಳಕಾಲ ತನಕ ಎತ್ತಿ ಕಟ್ಟಿದ ಸೀರೆ. ಅವಳೇ ನಾಗವ್ವ. ಕುರಿ ಸಾಕುವ ಮನೆತನ. ಊರಲ್ಲಿ ಇರುವಷ್ಟು ದಿನ ಗುಡಿಯ ಕಸ ನೀರು ಅವಳದು. ಬಿದಿರಿನ ಬುಡದ ಮಣ್ಣು ಬೇಕು ಎಂದಾಗ ಅವಳು ಯಾಕೆ ಎಂದು ಕೇಳಲಿಲ್ಲ. ಎಷ್ಟು ಎಂದು ಕೇಳಿದಳು. ಆದರೆ ದೇವರ ಮೆಳೆಗೆ ಯಾರ್ಯಾರೋ ಕೈಹಾಕುವ ಹಾಗಿಲ್ಲವಂತೆ. ನನ್ನನ್ನು ಕಲ್ಲಿನ ಗೆರೆಯ ಆಚೆ ನಿಲ್ಲಿಸಿ, ಕಳೆ ಕೀಳುವ ಕುರ್ಚಗಿ ಹಿಡಿದು ತಾನೇ ಮೆಳೆಯೊಳಗೆ ತೂರಿಕೊಂಡಳು. ಗೇಣುದ್ದ ಅಗೆಯಬೇಕು, ಸಣ್ಣ ಬೇರಿಗೆ ಅಂಟಿದ ಮಣ್ಣೇ ಆಗಬೇಕು ಎಂದು ನಾನು ಹೊರಗಿನಿಂದ ಕೂಗಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ನಾಲ್ಕು ಚೀಲ ತುಂಬಿ, ಬಾಯಿಗೆ ಗಂಟು ಹಾಕಿ ಕೊಟ್ಟಳು. ಹೊರಡುವಾಗ ನನ್ನ ಹಣೆ ತುಂಬ ಭಂಡಾರ ಬಳಿದಳು. ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು ನೋಡಿ ಕೈಮುಗಿದ.

ಹೊರಡುವ ಮುಂಚೆ ನಾಗವ್ವ ನನ್ನನ್ನು ಹಳ್ಳದ ದಂಡೆಯ ತನ್ನ ಹೊಲಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ನಲವತ್ತು ಬಿದಿರಿನ ಸಸಿಗಳು ಎರಡು ಸಾಲಾಗಿ ನಿಂತಿದ್ದವು. ಯಾವುದೋ ಯೋಜನೆಯಲ್ಲಿ ಊರಿಗೆ ಹಂಚಿದ್ದಂತೆ. ಬೇರೆಯವರು ಒಲ್ಲೆ ಎಂದದ್ದನ್ನೂ ಇವಳೇ ತಂದು ನೆಟ್ಟಿದ್ದಳು. ಎಲ್ಲವೂ ಕಾಮಾಲೆ ಹಿಡಿದವರ ಹಾಗೆ ಹಳದಿಯಾಗಿದ್ದವು. ಕುರಿ ಕಾಯುವವರಿಗೆ ಬಿದಿರಿನ ಹುಚ್ಚು ಯಾಕೆ ಎಂದು ಕೇಳಿದೆ. ಅವಳು ಒಂದು ಸಸಿಯ ಬುಡದ ಹುಲ್ಲು ಕಿತ್ತು ಆಚೆ ಒಗೆದಳು.

"ಮೂವತ್ನಾಕ ವರ್ಷ ಆತರಿ ಬಾಯಾರ, ಈ ಮನಿಗಿ ಲಗ್ನಾ ಆಗಿ ಬಂದು. ಒಂದ ಥಂಡಿದಿನ ಈ ಮನ್ಯಾಗ ಮಲಗಿಲ್ಲ. ದೀಪಾವಳಿ ಮುಗೀತಂದ್ರ ಕುರಿ ಹಿಂದ ನಡಿಯೂದು, ಮಿರಗಕ್ಕ ತಿರುಗಿ ಬರೂದು. ಒಂದ ಸಲಾ ಉಳೀಬೇಕಂತ ಆಸೆ ಆಗೇತಿ."

ವಿಷಯ ಇಷ್ಟೇ ಇತ್ತು. ಹಿಂಡು ಭೀಮಾ ದಂಡೆ ಹಿಡಿದು ಹೋದರೆ ಅದರ ಜೊತೆ ಅಡುಗೆಗೆ ಒಬ್ಬ ಹೆಂಗಸು ಬೇಕು. ಗಂಡ ತೀರಿಕೊಂಡ ಮೇಲೂ ಅದು ನಾಗವ್ವನ ಪಾಲಿನ ಕೆಲಸವೇ ಆಗಿತ್ತು. ಹಿಂಡಿನ ಯಜಮಾನ ಈಗ ಮೈದುನ ಬಿರಪ್ಪ. ಕೆಟ್ಟವನಲ್ಲ, ಆದರೆ ಕೆಲಸವಿಲ್ಲದೆ ಮನೆಯಲ್ಲಿ ಕೂರುವುದು ಅವನ ಲೆಕ್ಕದಲ್ಲಿ ರೋಗಿಗಳ ಕೆಲಸ. ಸಸಿಗಳಿಗೆ ಥಂಡಿಯಲ್ಲಿ ನೀರು ಹಾಕಬೇಕು, ಆಡು ಕುರಿ ಮೇಯದಂತೆ ಕಾಯಬೇಕು, ಯಾರಾದರೂ ಊರಲ್ಲಿ ಇರಲೇಬೇಕು ಎಂದು ನಾಗವ್ವ ಹಟ ಹಿಡಿದಿದ್ದಳು. ಬಿರಪ್ಪ ಷರತ್ತು ಹಾಕಿದ್ದ: ದೀಪಾವಳಿಗೆ ಅರ್ಧಕ್ಕಿಂತ ಹೆಚ್ಚು ಸಸಿ ಹಸಿರಾಗಿದ್ದರೆ ವೈನಿ, ಅಂದರೆ ಅತ್ತಿಗೆ, ಉಳಿಯಲಿ, ರೊಟ್ಟಿ ತಾನೇ ಬಡಿದುಕೊಳ್ಳುತ್ತೇನೆ. ಒಣಗಿದ ಕಡ್ಡಿ ಕಾಯಲು ಮಾತ್ರ ಯಾರನ್ನೂ ಬಿಡುವುದಿಲ್ಲ. ನಾನು ಆ ಹಳದಿ ಸಾಲನ್ನು ನೋಡಿದೆ. ಮೆಳೆಯ ಬುಡದಲ್ಲಿ ಒಳ್ಳೆಯ ಜೀವಿ ಸಿಕ್ಕರೆ ಈ ಸಸಿಗಳಿಗೇ ಹಾಕಿ ನೋಡುತ್ತೇನೆ ಎಂದು ಮಾತು ಕೊಟ್ಟೆ. ಇಪ್ಪತ್ತಮೂರರ ವಯಸ್ಸಿನಲ್ಲಿ ಮಾತು ಕೊಡಲು ಏನೂ ಬೇಕಾಗುವುದಿಲ್ಲ.

ಮರುದಿನ ಚೀಲ ಬಿಚ್ಚಿ, ಮಣ್ಣನ್ನು ನೀರಿಗೆ ಹಾಕಿ, ಆ ನೀರನ್ನು ಮತ್ತೆ ನೀರಿಗೆ ಹಾಕಿ, ಮಜ್ಜಿಗೆ ತೆಳ್ಳಗೆ ಮಾಡಿದ ಹಾಗೆ ಮಾಡುತ್ತ ಹೋಗಿ, ಒಂದೊಂದು ಹನಿ ತಟ್ಟೆಗೆ ಸವರಿ ಇಟ್ಟೆ. ಬೇರಿನ ಸುತ್ತಲಿನ ಮಣ್ಣು ಎಂದರೆ ಸಂತೆಯಷ್ಟು ಗದ್ದಲ ಇರಬೇಕು. ಮೂರನೆಯ ದಿನ ನೋಡಿದರೆ ಒಂದೆರಡು ಬಡಕಲು ಚುಕ್ಕೆ ಬಿಟ್ಟು ತಟ್ಟೆಗಳು ತೊಳೆದಿಟ್ಟಂತೆ ಇದ್ದವು. ಮ್ಯಾಡಮ್ ನನ್ನ ಕೈಯನ್ನು ಬೈದರು, ಇನ್ಕ್ಯುಬೇಟರಿನ ಶಾಖವನ್ನು ಬೈದರು, ನಾನು ಮೊದಲು ಓದಿದ ಕಾಲೇಜನ್ನೂ ಬಿಡಲಿಲ್ಲ. ಇನ್ನೊಂದು ಸಲ ತಾ ಎಂದರು.

ಆಷಾಢದಲ್ಲಿ ಮತ್ತೆ ತಡವಳಕ್ಕೆ ಹೋದೆ. ಮಣ್ಣು ಏನೂ ಕೊಡಲಿಲ್ಲ ಎಂದಾಗ ನಾಗವ್ವನ ಮುಖ ಸಣ್ಣದಾಯಿತು. ಏನೋ ಕಡಿಮೆ ಬಿದ್ದಿದೆ, ಈ ಸಲ ಸರಿಯಾಗಿ ಮಾಡುತ್ತೇನೆ ಎಂದು ಮೆಳೆಯೊಳಗೆ ಬಹಳ ಹೊತ್ತು ಇದ್ದಳು. ಆ ಮಾತಿನ ಅರ್ಥವನ್ನು ನಾನು ಅಲ್ಲೇ ಕೇಳಬೇಕಿತ್ತು, ಕೇಳಲಿಲ್ಲ. ಎರಡನೆಯ ಸಲದ ತಟ್ಟೆಗಳಲ್ಲಿ ಬಡಕಲು ಚುಕ್ಕೆಗಳೂ ಇರಲಿಲ್ಲ. ಬರುವ ಸೋಮವಾರದೊಳಗೆ ಏನಾದರೂ ತೋರಿಸದಿದ್ದರೆ ವಿಷಯ ಬದಲಿಸಿ ಮೊಸರಿನ ಮೇಲೆ ಪ್ರಬಂಧ ಬರೆ ಎಂದು ಮ್ಯಾಡಮ್ ತೀರ್ಪು ಕೊಟ್ಟರು. ಮೊಸರಿನ ಮೇಲೆ ನಮ್ಮ ವಿಭಾಗದಲ್ಲಿ ಆಗಲೇ ಒಂದು ಕಪಾಟು ತುಂಬ ಪ್ರಬಂಧಗಳಿದ್ದವು. ನನಗೆ ಅಳು ಬಂದದ್ದು ಅದಕ್ಕಲ್ಲ. ನಾನು ಮೊಸರಿನ ಕಡೆ ಹೋದರೆ ನಾಗವ್ವ ಕುರಿಗಳ ಹಿಂದೆ ಹೋಗಬೇಕಾಗುತ್ತಿತ್ತು.

ಭಾನುವಾರ ಹೋಟಗಿಯ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಗೆಯಲು ಕೂತೆ. ಪ್ರಯೋಗಶಾಲೆಯ ಬಿಳಿ ಕೋಟಿನ ಮೇಲೆ ಮಣ್ಣಿನ ನೀರು ಚೆಲ್ಲಿ ಅಂಗೈಯಗಲದ ಕಲೆ ಆಗಿತ್ತು, ಮಾಸಲು ಕಂದು ಬಣ್ಣ. ಸೋಪಿನ ತುಂಡು ಉಜ್ಜಿದೆ. ಕಲೆ ಹೋಗುವ ಬದಲು ಕಣ್ಣೆದುರಿಗೇ ಕೆಂಪಾಯಿತು. ಇನ್ನಷ್ಟು ಉಜ್ಜಿದೆ, ಇನ್ನಷ್ಟು ಕೆಂಪಾಯಿತು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದಾಗ ಅವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಅರಿಷಿಣ ಎಲ್ಲಿ ಚೆಲ್ಲಕೊಂಡಿ? ಸಬಕಾರ ತಾಗಿದ ಕೂಡ್ಲೆ ಕೆಂಪಾಗೂದು ಅದೊಂದ. ಇಷ್ಟ ಕಲತ ಏನ ಮಾಡಿದಿ."

ಅವ್ವ ಒಳಗೆ ಹೋದಳು. ನಾನು ಬಕೆಟ್ಟಿನ ಮುಂದೆ ಕೂತೇ ಇದ್ದೆ. ಅರಿಶಿನ ನನ್ನ ಹಣೆಯ ಮೇಲಿತ್ತು ನಿಜ, ಆದರೆ ಕಲೆ ಆದದ್ದು ಹಣೆಯಿಂದಲ್ಲ, ಮಣ್ಣಿನ ನೀರಿನಿಂದ. ಒದ್ದೆ ಎರೆಮಣ್ಣಿನ ಕಪ್ಪಿನಲ್ಲಿ ಹಳದಿ ಕಾಣದಿದ್ದರೂ ವಾಸನೆ ಗೊತ್ತಾಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ತಡವಳದಿಂದ ಬಂದ ಮೇಲೆ ಎರಡು ದಿನ ನಾನೇ ಭಂಡಾರದ ವಾಸನೆ ಹೊಡೆಯುತ್ತಿದ್ದೆ, ಮೂಗು ಅದನ್ನು ಸುದ್ದಿ ಎಂದು ಎಣಿಸಲೇ ಇಲ್ಲ. ಸೋಮವಾರ ಬೆಳಿಗ್ಗೆ ಉಳಿದಿದ್ದ ಮಣ್ಣಿನ ನೀರಿಗೆ ಒಂದು ಚಿಟಿಕೆ ಸೋಡಾ ಹಾಕಿದೆ. ಆರತಿ ತಟ್ಟೆಯ ಓಕುಳಿಯ ಹಾಗೆ ಕೆಂಪಗೆ ತಿರುಗಿತು. ಮ್ಯಾಡಮ್ ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿ, ಮಣ್ಣಿಗೆ ಅರಿಶಿನ ಹಾಕಿದವರು ಯಾರು ಎಂದು ಮರಾಠಿಯಲ್ಲಿ ಕೇಳಿದರು. ಆ ವರ್ಷ ಅವರು ಬೈಯದೆ ಕೇಳಿದ ಮೊದಲ ಪ್ರಶ್ನೆ ಅದು. ಅರಿಶಿನವೊಂದೇ ಎಲ್ಲವನ್ನೂ ಕೊಂದಿರಲಿಕ್ಕಿಲ್ಲ, ಅಂಗಡಿಯ ಭಂಡಾರದಲ್ಲಿ ಇನ್ನೇನೇನು ಬೆರೆಸಿರುತ್ತಾರೋ ದೇವರಿಗೇ ಗೊತ್ತು, ಹೋಗಿ ಶುದ್ಧ ಮಣ್ಣು ತಾ ಎಂದು ಎರಡು ವಾರ ಹೆಚ್ಚು ಕೊಟ್ಟರು.

ತಡವಳದ ಬಸ್ಸಿನಲ್ಲಿ ಆ ದಿನ ನನಗೆ ನಿಜವಾಗಿ ಹೆದರಿಕೆಯಾಗಿತ್ತು. ನಿಮ್ಮ ದೇವರ ಪ್ರಸಾದ ಜೀವ ತೆಗೆಯಿತು ಎಂದು ದೇವರ ಗುಡಿಯಲ್ಲಿ ನಿಂತು ಹೇಗೆ ಹೇಳುವುದು? ನಾಲ್ಕು ತರಹ ಮಾತು ಜೋಡಿಸಿಕೊಂಡೆ, ನಾಲ್ಕೂ ಹೊಲಸಾಗಿದ್ದವು. ನಾಗವ್ವ ಮನೆಯಲ್ಲಿ ಒಂದು ಕುರಿಯನ್ನು ಮೊಳಕಾಲಿನ ನಡುವೆ ಹಿಡಿದು ಅದರ ಗೊರಸು ನೋಡುತ್ತಿದ್ದಳು. ಚೀಲಕ್ಕೆ ಭಂಡಾರ ಹಾಕಿದ್ದೆಯಾ ಎಂದು ಕೇಳಿದೆ. ಹಾಕಿದ್ದೇನೆ, ಹಾಕದೆ ಇರುತ್ತಾರೆಯೇ ಎಂದಳು. ದೇವರ ಬುಡದಿಂದ ಏನು ಹೊರಗೆ ಹೋದರೂ ಅದರ ಜೊತೆ ಭಂಡಾರ ಹೋಗಬೇಕು. ಮರಿ ಮಾರಿದರೂ ಅಷ್ಟೇ, ಮಗಳನ್ನು ಕಳಿಸಿದರೂ ಅಷ್ಟೇ. ಮೊದಲನೆಯ ಸಲ ಚೀಲಕ್ಕೆ ಒಂದೊಂದು ಮುಷ್ಟಿ. ಮಣ್ಣು ಏನೂ ಕೊಡಲಿಲ್ಲ ಎಂದು ನಾನು ಹೇಳಿದ ಮೇಲೆ, ದೇವರಿಗೆ ಕಡಿಮೆ ಬಿತ್ತೆಂದು ಎರಡೆರಡು ಮುಷ್ಟಿ ಹಾಕಿ ಚೆನ್ನಾಗಿ ಕಲಸಿದ್ದಳಂತೆ. ನಾನು ತಡವರಿಸುತ್ತ, ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಅವೇ ಬಿದಿರನ್ನು ಹಸಿರಾಗಿ ಇಟ್ಟಿರುವುದು, ಭಂಡಾರ ಬಿದ್ದು ಅವು ಸತ್ತಿರಬೇಕು ಎಂದೆ. ಕುರಿಯ ಗೊರಸಿನ ಗಾಯಕ್ಕೆ ಭಂಡಾರ ಹಚ್ಚುತ್ತಿದ್ದ ಅವಳ ಬೆರಳು ಹಾಗೆಯೇ ನಿಂತಿತ್ತು.

"ಗಾಯಕ್ಕ ಇದನ್ನ ಯಾಕ ಹಚ್ಚತೀವಿ ಮತ್ತ?" ಎಂದಳು ಕೊನೆಗೆ, ತನಗೆ ತಾನೇ. "ಹುಳ ಬೀಳಬಾರದಂತ ಹಚ್ಚತೀವಿ. ಹುಳ ಕೊಲ್ಲೂದು ಅದರ ಕೆಲಸ. ನಾ ತಿಳಕೋಬೇಕಾಗಿತ್ತರಿ ಬಾಯಾರ."

ನಾನು ನಾಲ್ಕು ತರಹ ಜೋಡಿಸಿಕೊಂಡ ಮಾತನ್ನು ಅವಳು ಕುರಿಯ ಕಾಲು ಹಿಡಿದುಕೊಂಡೇ ಹೇಳಿ ಮುಗಿಸಿದ್ದಳು. ಆಮೇಲೆ ಅವಳ ಪ್ರಶ್ನೆಗಳು ಶುರುವಾದವು. ಅವು ಎಷ್ಟಿರುತ್ತವೆ? ಒಂದು ಚಿಟಿಕೆ ಮಣ್ಣಿನಲ್ಲಿ ಇಡೀ ಜಿಲ್ಲೆಯ ಕುರಿಗಳಿಗಿಂತ ಹೆಚ್ಚು ಎಂದೆ. ತಿನ್ನಲು ಏನು? ಬೇರು ಕೊಡುವ ಸಿಹಿ ಎಂದೆ. ಮರಿ ಹಾಕುತ್ತವೆಯೇ? ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಹೊಟ್ಟೆ ತುಂಬಿದ್ದರೆ ಅರ್ಧ ತಾಸಿನಲ್ಲಿ ಒಂದು ಸೂಲು ಎಂದೆ. ನಾಗವ್ವ ಕುರಿಯನ್ನು ಬಿಟ್ಟು ಗೋಡೆಗೊರಗಿ ನಕ್ಕಳು. ಅಷ್ಟು ದೊಡ್ಡ ಹಿಂಡಿನ ಮೇಲೆ ಇಷ್ಟು ವರ್ಷ ಕಸಬರಿಗೆ ಆಡಿಸಿದ್ದು, ಗೊತ್ತೇ ಇರಲಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ನನಗೂ ನಗು ಬಂತು. ವರ್ಷಗಟ್ಟಲೆ ಪಾಠ ಕೇಳಿದ ಮೇಲೂ ನನಗೆ ಆಗದ ಆಶ್ಚರ್ಯ ಅವಳಿಗೆ ಒಂದು ನಿಮಿಷದಲ್ಲಿ ಆಗಿತ್ತು.

ಮೂರನೆಯ ಸಲದ ಮಣ್ಣನ್ನು ಕೊಡುವಾಗ ಅವಳು ಚೀಲಕ್ಕೆ ಏನೂ ಹಾಕಲಿಲ್ಲ. ಆದರೆ ಭಂಡಾರವಿಲ್ಲದೆ ಕಳಿಸಲು ಮನಸ್ಸು ಒಪ್ಪಬೇಕಲ್ಲ. ಮಣ್ಣಿನ ಪಾಲಿನದನ್ನೂ ನೀನೇ ಹಚ್ಚಿಕೋ ಎಂದು ನನ್ನ ಹಣೆ, ಕೆನ್ನೆ, ಎರಡೂ ಕೈಗೆ ಬಳಿದಳು. ನಾನು ಆ ವೇಷದಲ್ಲೇ ಪ್ರಯೋಗಶಾಲೆಗೆ ಹೋಗಿ, ಮೊದಲು ಸಾಬೂನಿನಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆದು, ಕೈ ಕೆಂಪಾಗಿ, ಮತ್ತೆ ತೊಳೆದು ಕೆಲಸಕ್ಕೆ ಕೂತೆ.

ನಾಲ್ಕನೆಯ ದಿನ ಬಾಗಿಲು ತೆಗೆದಾಗಲೇ ಕೋಣೆಯಲ್ಲಿ ಮಳೆಯ ವಾಸನೆ ಇತ್ತು. ತಟ್ಟೆಗಳಲ್ಲಿ ಜಾಗವೇ ಉಳಿದಿರಲಿಲ್ಲ. ಬಿಳಿ, ಕೆನೆಬಣ್ಣ, ತಿಳಿಗುಲಾಬಿ, ನೀರಿನಲ್ಲಿ ಅದ್ದಿದಂತೆ ಹೊಳೆಯುವವು, ಒಣ ಹಿಟ್ಟಿನಂಥವು. ರಂಜಕ ಕರಗಿಸುವವನ್ನು ಹುಡುಕಲು ನಾವು ಬೇರೆ ತಟ್ಟೆ ಇಟ್ಟಿರುತ್ತೇವೆ. ಅದರಲ್ಲಿ ಕರಗದ ರಂಜಕ ಬೆರೆಸಿ ಸುಣ್ಣದ ನೀರಿನ ಹಾಗೆ ಬೆಳ್ಳಗೆ ಮಾಡಿರುತ್ತೇವೆ. ಕರಗಿಸಬಲ್ಲ ಜೀವಿ ಇದ್ದರೆ ತನ್ನ ಸುತ್ತಲಿನ ಬಿಳುಪನ್ನು ತಿಂದು ತಿಳಿಯಾದ ಒಂದು ಬಳೆ ಬಿಡಿಸುತ್ತದೆ. ಆ ತಟ್ಟೆಯನ್ನು ಬೆಳಕಿಗೆ ಹಿಡಿದೆ. ಏಳು ಬಳೆಗಳಿದ್ದವು. ನಾನು ಮ್ಯಾಡಮ್ ಕೋಣೆಗೆ ಓಡಿದೆ, ಬಾಗಿಲು ತಟ್ಟಲಿಲ್ಲ. ಅವರು ಒಂದೊಂದು ಬಳೆಯನ್ನೂ ಅಳತೆಪಟ್ಟಿಯಿಂದ ಅಳೆದು, ಡಬ್ಬಿಯಲ್ಲಿದ್ದ ಶೇಂಗಾ ಚಿಕ್ಕಿ ತೆಗೆದು ನನ್ನ ಕೈಗೆ ಕೊಟ್ಟರು. ಅಂಥ ಖುಷಿ ಆಮೇಲೆ ಪದವಿ ಬಂದಾಗಲೂ ಆಗಲಿಲ್ಲ.

ಏಳರಲ್ಲಿ ಎರಡನ್ನು ಆರಿಸಿ ಬೆಳೆಸಿ, ಶ್ರಾವಣದ ಕೊನೆಗೆ ಐದು ಲೀಟರಿನ ಕ್ಯಾನಿನಲ್ಲಿ ತಡವಳಕ್ಕೆ ಒಯ್ದೆ. ಬಸ್ಸಿನಲ್ಲಿ ಪಕ್ಕದ ಅಜ್ಜಿ ಏನದು ಎಂದು ಕೇಳಿದರೆ ಮಜ್ಜಿಗೆ ಎಂದೆ. ಒಂದು ಲೋಟ ಕೊಡು ಎಂದಳು. ಅಕ್ಕಲಕೋಟದವರೆಗೆ ಆ ಅಜ್ಜಿಗೆ ಸುಳ್ಳಿನ ಮೇಲೆ ಸುಳ್ಳು ಹೇಳುವುದೇ ನನ್ನ ಕೆಲಸವಾಯಿತು. ಹೊಲದಲ್ಲಿ ನಲವತ್ತು ಸಸಿಗಳಲ್ಲಿ ಒಂದು ಸಾಲಿನ ಇಪ್ಪತ್ತಕ್ಕೆ ಕೆಂಪು ದಾರ ಕಟ್ಟಿದೆ. ದಾರ ಇದ್ದವಕ್ಕೆ ಬೆಲ್ಲದ ನೀರಿನಲ್ಲಿ ಬೆರೆಸಿ ಇದನ್ನು ಹಾಕಬೇಕು, ಇಲ್ಲದವಕ್ಕೆ ಬರೀ ಬೆಲ್ಲದ ನೀರು. ಎರಡೂ ಸಾಲಿನ ನಡುವೆ ವ್ಯತ್ಯಾಸ ಕಂಡರೇ ಜೀವಿಗಳ ಕೆಲಸ ಸಾಬೀತಾಗುವುದು ಎಂದು ನಾಗವ್ವನಿಗೆ ಬಿಡಿಸಿ ಹೇಳಿದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಎಂದು ಅವಳು ತಲೆಯಾಡಿಸಿದಳು. ಬಿರಪ್ಪ ದೂರದಲ್ಲಿ ಕೋಲಿನ ಮೇಲೆ ಗದ್ದ ಊರಿ ನೋಡುತ್ತಿದ್ದ.

ನಾಲ್ಕು ವಾರದ ಮೇಲೆ ಹೋದಾಗ ಮಳೆ ಬಿಟ್ಟಿತ್ತು. ಸಸಿಗಳು ದೂರದಿಂದಲೇ ಹಸಿರಾಗಿ ಕಂಡವು. ಕೆಲವುಗಳ ಬುಡದಲ್ಲಿ ಬೆರಳಿನಷ್ಟು ದಪ್ಪದ ಹೊಸ ಮೊಳಕೆ ಎದ್ದಿತ್ತು. ನನಗೆ ಕುಣಿಯುವಷ್ಟು ಸಂತೋಷವಾಗಿ ದಾರವಿಲ್ಲದ ಸಾಲಿಗೆ ಹೋದರೆ ಅವೂ ಅಷ್ಟೇ ಹಸಿರು, ಅವಕ್ಕೂ ಮೊಳಕೆ. ಎಲೆ ಎಣಿಸಿದೆ, ಎತ್ತರ ಅಳೆದೆ, ಎರಡು ಸಾಲಿಗೂ ಏನೂ ಫರಕು ಇಲ್ಲ. ಅಂದರೆ ನನ್ನ ಏಳು ಬಳೆಗಳು ಬರೀ ಅಲಂಕಾರ, ಸಸಿ ಬೆಳೆದದ್ದು ಮಳೆಯಿಂದ. ಟಿಪ್ಪಣಿಯಲ್ಲಿ ಪರಿಣಾಮ ಶೂನ್ಯ ಎಂದು ಬರೆದು ಬದುವಿನ ಮೇಲೆ ಕೂತುಬಿಟ್ಟೆ. ನಾಗವ್ವ ಬಂದು ಪಕ್ಕದಲ್ಲಿ ಕೂತು ಯಾಕೆ ಮುಖ ಹೀಗೆ ಎಂದು ಕೇಳಿದಳು. ಹೇಳಿದೆ. ಅವಳು ಸೆರಗಿನ ತುದಿ ತಿರುವುತ್ತ, ನನ್ನ ಕ್ಯಾನಿನಲ್ಲಿ ಒಂದು ತಂಬಿಗೆಯಷ್ಟು ಹೆಪ್ಪು ಉಳಿಸಿಕೊಂಡಿದ್ದನ್ನು, ಅದಕ್ಕೆ ಬೆಲ್ಲ ಹಾಕಿ ಮಡಕೆಯಲ್ಲಿ ಬೆಳೆಸಿದ್ದನ್ನು, ವಾರಕ್ಕೊಂದು ಸಲ ಉಳಿದ ಇಪ್ಪತ್ತು ಸಸಿಗೂ ಹಾಕುತ್ತಿದ್ದುದನ್ನು ಒಪ್ಪಿಕೊಂಡಳು.

"ಇಪ್ಪತ್ತ ಮರಿಗಿ ಹಾಲ ಕುಡಿಸಿ, ಇಪ್ಪತ್ತ ಮರಿ ಮುಂದ ತಂಬಿಗಿ ಡಬ್ಬ ಹಾಕಲೇನು? ನನ್ನ ಕೈಲೆ ಆಗಂಗಿಲ್ಲರಿ. ನಿಮ್ಮ ಸಾಲಿ ಕಲಿಯೂದು ಕೆಟ್ಟಿತೇನು?"

ನನಗೆ ಸಿಟ್ಟು ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಮಳೆಗಾಲದಲ್ಲಿ ಎರಡನೆಯ ಸಲ ಅವಳ ಧಾರಾಳತನ ನನ್ನ ಪ್ರಯೋಗವನ್ನು ಕೆಡಿಸಿತ್ತು. ಮೊದಲು ಭಕ್ತಿ, ಆಮೇಲೆ ಕರುಳಿನ ಸಂಕಟ. ಆದರೆ ಸಿಟ್ಟಿನಲ್ಲೇ ಎದ್ದು ನಿಂತಾಗ ನಲವತ್ತು ಸಸಿಗಳೂ ಒಟ್ಟಿಗೆ ಗಾಳಿಗೆ ತಲೆಯಾಡಿಸುತ್ತಿದ್ದವು, ಅದರಲ್ಲಿ ಇಪ್ಪತ್ತು ಹಳದಿಯಾಗಿದ್ದರೆ ನಾನು ಸಂತೋಷಪಡುತ್ತಿದ್ದೆನಲ್ಲ ಎಂದು ಹೊಳೆದು ನಾಚಿಕೆಯಾಯಿತು. ಪರಿಣಾಮ ಶೂನ್ಯ ಎಂದು ಬರೆದದ್ದನ್ನು ಹೊಡೆದುಹಾಕಿದೆ. ಮ್ಯಾಡಮ್ ಎಲ್ಲ ಕೇಳಿ ಹಣೆ ಒತ್ತಿಕೊಂಡರು, ಆದದ್ದನ್ನು ಆದ ಹಾಗೆಯೇ ಬರೆ ಎಂದರು. ಮುಂದಿನ ಬೇಸಿಗೆಯ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹೋಲಿಕೆಯ ಸಾಲು ಎಲ್ಲಿ ಹೋಯಿತು ಎಂದು ಕೇಳಿದರು. ಅದಕ್ಕೂ ಹಸಿವಾಗಿತ್ತು ಸರ್ ಎಂದೆ. ಅವರು ನಕ್ಕು, ಅಂಕ ಮಾತ್ರ ಕಡಿದರು. ನನ್ನ ಪ್ರಬಂಧದ ಆ ತೂತು ಇವತ್ತಿಗೂ ಹಾಗೆಯೇ ಇದೆ. ಸಸಿಗಳನ್ನು ಉಳಿಸಿದ್ದು ಬಿರೋಬಾನ ಬುಡದ ಜೀವಿಗಳೋ, ಭಾದ್ರಪದದ ಮಳೆಯೋ, ಬೆಲ್ಲವೋ, ನಾಗವ್ವನೋ, ಪ್ರಮಾಣ ಮಾಡಿ ಹೇಳಲಾರೆ.

ದೀಪಾವಳಿಯ ಪಾಡ್ಯದ ಮರುದಿನ ನಾನು ತಡವಳದಲ್ಲಿದ್ದೆ. ಪ್ರಯೋಗದ ನೆಪ ಮುಗಿದಿತ್ತು, ಹೋಗದೆ ಇರಲು ಆಗಲಿಲ್ಲ. ಬಿರಪ್ಪ ಬೆಳಗಿನ ಹೊತ್ತಿನಲ್ಲಿ ತಲೆಗೆ ಹೊಸ ಪಟಕಾ ಸುತ್ತಿಕೊಂಡು ಸಸಿಗಳ ಸಾಲಿಗೆ ಇಳಿದ. ಕುರಿ ಎಣಿಸುವ ಹಾಗೆಯೇ ಎಣಿಸಿದ: ಪ್ರತಿಯೊಂದನ್ನೂ ಕೋಲಿನ ತುದಿಯಿಂದ ಮೆಲ್ಲಗೆ ಮುಟ್ಟುತ್ತ, ಬಾಯಲ್ಲಿ ಶಬ್ದ ಮಾಡದೆ. ನಾಗವ್ವ ಬದುವಿನ ಮೇಲೆ ನಿಂತು ಆಚೆ ಹಳ್ಳ ನೋಡುತ್ತಿದ್ದಳು. ಅವಳ ಕೈ ನನ್ನ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ ಬಳೆ ಒಳಗೆ ಒತ್ತುತ್ತಿತ್ತು. ಬಿರಪ್ಪ ತುದಿ ಮುಟ್ಟಿ, ತಿರುಗಿ, ಮತ್ತೆ ಮೊದಲಿನಿಂದ ಎಣಿಸಿದ. ಆಮೇಲೆ ನಮ್ಮ ಹತ್ತಿರ ಬಂದ.

"ಇಪ್ಪತ್ತೊಂದ ಇದ್ರ ಸಾಕಿತ್ತು," ಎಂದ. "ಮೂವತ್ತಾರ ಅದಾವ. ವೈನಿ, ಹಿಟ್ಟ ನಾದೂದು ಹೆಂಗ ಅಂತ ಇವತ್ತ ತೋರಸು."

ಅವತ್ತು ಮಧ್ಯಾಹ್ನ ಆ ಮನೆಯಲ್ಲಿ ಐವತ್ತು ವರ್ಷದ ಗಂಡಸು ಜೋಳದ ರೊಟ್ಟಿ ಬಡಿಯಲು ಕಲಿತ. ಮೊದಲನೆಯದು ಭಾರತದ ನಕ್ಷೆಯಾಯಿತು, ಎರಡನೆಯದು ಮಹಾರಾಷ್ಟ್ರದ್ದು, ಮೂರನೆಯದು ಕೈಯಿಂದ ಬಿಡಲೇ ಇಲ್ಲ. ನಾಗವ್ವ ನಗುವುದನ್ನು ತಡೆಯಲಾಗದೆ ಹೊರಗೆ ಹೋಗಿ ನಕ್ಕು ಬಂದಳು. ಸುಟ್ಟ ರೊಟ್ಟಿಯನ್ನು ನಾವೆಲ್ಲ ಕಡಲೆ ಪಲ್ಯದ ಜೊತೆ ಹೊಗಳಿ ಹೊಗಳಿ ತಿಂದೆವು.

ಎರಡು ದಿನ ಬಿಟ್ಟು, ನಾನು ಅಲ್ಲಿರುವಾಗಲೇ, ಹಿಂಡು ಹೊರಟಿತು. ಮುಂದೆ ಸಾಮಾನು ಹೇರಿದ ಕುದುರೆ, ನಡುವೆ ಕುರಿಗಳು, ಕೊನೆ ಕೊನೆಗೆ ಹೆಗಲ ಮೇಲೆ ಮರಿ ಹೊತ್ತ ಬಿರಪ್ಪ. ನಾಗವ್ವ ಎಲ್ಲದಕ್ಕೂ ಭಂಡಾರ ಎರಚಿ ಕಳಿಸಿಕೊಟ್ಟಳು. ಕಳಿಸಿಕೊಟ್ಟವಳು ಅಲ್ಲಿ ನಿಲ್ಲಲಿಲ್ಲ, ಹಿಂಡಿನ ಹಿಂದೆಯೇ ನಡೆದಳು. ಬೀಳ್ಕೊಡಲು ಹೋಗುತ್ತಿದ್ದಾಳೆ ಎಂದುಕೊಂಡು ನಾನೂ ಜೊತೆಗೆ ನಡೆದೆ. ಊರ ಬಾವಿ ದಾಟಿತು, ಡಾಂಬರು ರಸ್ತೆ ದಾಟಿತು, ಅವಳು ಹಿಂದೆ ಬಿದ್ದ ಕುರಿಯನ್ನು ಹ್ಞಾ ಹ್ಞಾ ಎಂದು ಅಟ್ಟುತ್ತ ನಡೆಯುತ್ತಲೇ ಇದ್ದಳು. ಬಿರಪ್ಪ ತಿರುಗಿ, ಎಲ್ಲಿಗೆ ವೈನಿ ಎಂದು ಕೇಳಿದ ಮೇಲೆ ನಿಂತಳು. ಬರಿಗೈಯನ್ನು ಒಮ್ಮೆ ನೋಡಿಕೊಂಡಳು. ತಾನು ಎಲ್ಲಿಗೂ ಹೋಗುತ್ತಿಲ್ಲ ಎಂಬುದು ಕಾಲಿಗೆ ಇನ್ನೂ ತಿಳಿದಿಲ್ಲ ಎಂದಳು. ಧೂಳು ಕೂರುವ ತನಕ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಅವಳ ಕಣ್ಣಲ್ಲಿ ನೀರಿತ್ತು, ಅದನ್ನು ಅವಳು ಒರೆಸಿಕೊಳ್ಳಲೂ ಇಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ನಾನು ಹೋಟಗಿಯ ಪ್ಲಾಟ್‌ಫಾರ್ಮಿನಲ್ಲಿ ಶಾಲು ಹೊದ್ದು ಗಾಡಿ ಕಾಯುತ್ತಿದ್ದೆ. ಫೋನು ಬಂತು. ಪಕ್ಕದ ಮನೆಯವರ ಮೊಬೈಲಿನಿಂದ ನಾಗವ್ವ. ಸಸಿಗಳಿಗೇನಾದರೂ ಆಯಿತೇ ಎಂದು ಗಾಬರಿಯಿಂದ ಕೇಳಿದೆ. ಸಸಿ ಆರಾಮಾಗಿವೆ ಎಂದಳು. ಬಿರಪ್ಪ ಸೊರಗಿದ್ದಾನಂತೆ, ರೊಟ್ಟಿ ದುಂಡಗಾಗಿವೆಯಂತೆ. ಮತ್ತೇನು ಎಂದು ನಾನೇ ಕೇಳಿದೆ.

"ಏನಿಲ್ಲರಿ ಬಾಯಾರ, ಯಾರಿಗರೇ ಹೇಳಬೇಕನಿಸಿತು. ನಮ್ಮ ಮನ್ಯಾಗ ಥಂಡಿದಿನದಾಗ ಬಿಸಲ ಎಲ್ಲಿ ಬೀಳತೈತಿ ಅನ್ನೂದು ಇವತ್ತ ಗೊತ್ತಾತು. ಒಲಿ ಬಾಜೂಕ ಬೀಳತೈತಿ. ನಾ ಈಗ ಅಲ್ಲೇ ಕುಂತೀನಿ."